ಕೊಂಡ ಕಂಪ್ಯೂಟರೋ, ಕಟ್ಟಿದ ಕಂಪ್ಯೂಟರೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಕಂಪ್ಯೂಟರನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಮೂರನೆಯ ಪಾದವೊಂದು ಬೆಳೆಯುತ್ತಿತ್ತೆಂಬುದು 2025ರ ಜುಲೈ ತಿಂಗಳ ಒಂದು ಭಾನುವಾರ ನನಗೆ ಮನದಟ್ಟಾಯಿತು. ಅಂದು ಬಸವನಗುಡಿಯಲ್ಲಿರುವ ನನ್ನ ಭಾವಮೈದುನನ ಮನೆಗೆ ನಾವಿಬ್ಬರೂ ಊಟಕ್ಕೆ ಹೋಗಿದ್ದೆವು. ಹುಳಿಯ ಸುತ್ತು ಮುಗಿದು ಮಜ್ಜಿಗೆ ಬರುವುದರೊಳಗೆ ತಂದೆಮಗಳ ನಡುವೆ ಮಾತಿಗೆ ಕಾವೇರಿ, ತೀರ್ಪು ಹೇಳುವ ಭಾರ ನನ್ನ ಎಲೆಯ ಮುಂದೆ ಬಂದು ಕುಳಿತಿತು.

ವಿಷಯವಿಷ್ಟೆ. ಹುಡುಗಿ ವಾಸ್ತುಶಿಲ್ಪದ ಕಾಲೇಜಿನಲ್ಲಿ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದಳು. ಮನೆಯ ಹಳೆಯ ಕಂಪ್ಯೂಟರ್ ಅವಳ ನಕ್ಷೆಗಳ ಭಾರವನ್ನು ಹೊರಲಾರದೆ ಏದುಸಿರು ಬಿಡುತ್ತಿತ್ತು. ಸಾಲದುದಕ್ಕೆ, ಅದರಲ್ಲಿದ್ದ ವಿಂಡೋಸ್ 10ಕ್ಕೆ ಆ ವರ್ಷದ ಅಕ್ಟೋಬರ್ 14ರಂದು ಕಂಪೆನಿಯ ಮಾಮೂಲು ಆರೈಕೆ ನಿಲ್ಲುವುದೆಂದು ಪ್ರಕಟವಾಗಿತ್ತು. ವಿಂಡೋಸ್ 11ನ್ನು ಹಾಕೋಣವೆಂದರೆ ಅದರ ಪ್ರೊಸೆಸರ್ ಅದಕ್ಕೆ ಅರ್ಹವಲ್ಲ. ಹೊಸದೊಂದು ಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ತಂದೆ 80,000 ರೂಪಾಯಿಗಳನ್ನು ತೆಗೆದಿರಿಸಿದ್ದ. ಕಂಪೆನಿಯೊಂದರ ಮುದ್ರೆಯೊತ್ತಿದ ಪೆಟ್ಟಿಗೆಯನ್ನು ಅಂಗಡಿಯಿಂದ ತಂದು, ತಂತಿ ಸಿಕ್ಕಿಸಿ, ಗುಂಡಿಯೊತ್ತುವುದು ಅವನ ಮತ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ತಾನೇ ಜೋಡಿಸುವುದು ಮಗಳ ಹಟ.

"ಮಾವ, ಅದೇ ದುಡ್ಡಿಗೆ ಅಂಗಡಿಯ ಪೆಟ್ಟಿಗೆಯಲ್ಲಿ ಅರ್ಧದಷ್ಟು ಗ್ರಾಫಿಕ್ಸ್ ಕಾರ್ಡೂ ಬರುವುದಿಲ್ಲ. ನೀವೇ ಅಪ್ಪನಿಗೆ ಹೇಳಿ," ಎಂದಳು ಅವಳು.

"ಭಾವ, ನಾನು ಒಮ್ಮೆ ಕೈ ಸುಟ್ಟುಕೊಂಡವನು. ನಿಮಗೆ ತಿಳಿಯದ್ದೇ?" ಎಂದ ಅವನು.

ನನಗೆ ತಿಳಿದಿತ್ತು. 2005ರಲ್ಲಿ ಪರಿಚಿತರೊಬ್ಬರ ಮಾತು ನಂಬಿ ಆತ ಒಂದು ಸಣ್ಣ ಅಂಗಡಿಯಲ್ಲಿ ಕಂಪ್ಯೂಟರನ್ನು ಜೋಡಿಸಿಕೊಂಡಿದ್ದ. ರಸೀದಿಯೆಂದು ಕೈಗೆ ಬಂದದ್ದು ಒಂದು ಬಿಳಿಯ ಚೀಟಿ. ಎರಡು ವರ್ಷ ತುಂಬುವುದರೊಳಗೆ ಹಾರ್ಡ್ ಡಿಸ್ಕ್ ಸತ್ತಿತು. ಅದರ ಸಂಖ್ಯೆಯನ್ನು ನೋಡಿದ ಕಂಪೆನಿಯವರು, ಇದರ ಖಾತರಿ ನೀವು ಕೊಳ್ಳುವ ಮೊದಲೇ ಮುಗಿದಿತ್ತು ಎಂದರು. ಯಾರೋ ಬಳಸಿ ಬಿಟ್ಟದ್ದನ್ನು ಇವನಿಗೆ ಹೊಸದೆಂದು ಮಾರಿದ್ದರು. ವಿಚಾರಿಸಲು ಹೋದಾಗ ಅಂಗಡಿಯಿದ್ದ ಜಾಗದಲ್ಲಿ ಚಪ್ಪಲಿ ಮಾರುತ್ತಿದ್ದರು. ಹೋದದ್ದು ಹಣವಷ್ಟೇ ಆಗಿದ್ದರೆ ಬ್ಯಾಂಕಿನ ಅಧಿಕಾರಿಯಾದ ಅವನು ಅದನ್ನು ನಷ್ಟದ ಬಾಬಿಗೆ ಬರೆದು ಮರೆಯುತ್ತಿದ್ದ. ಆದರೆ ಮಗಳ ನಾಮಕರಣದ ಚಿತ್ರಗಳೆಲ್ಲ ಆ ಡಿಸ್ಕಿನಲ್ಲಿದ್ದವು, ಬೇರೆಲ್ಲಿಯೂ ಇರಲಿಲ್ಲ. ತೊಟ್ಟಿಲ ಬಳಿ ನಿಂತ ಅವನ ತಾಯಿಯ ಕೊನೆಯ ಚಿತ್ರವೂ ಅದರೊಡನೆ ಹೋಯಿತು. (ಮುದ್ರೆಯೊತ್ತಿದ ಪೆಟ್ಟಿಗೆಯೊಳಗಿನ ಡಿಸ್ಕೂ ಹೀಗೆಯೇ ಸಾಯಬಲ್ಲದು. ಯಂತ್ರ ಯಾವುದೇ ಇರಲಿ, ಇಂಥ ಚಿತ್ರಗಳ ಪ್ರತಿಯೊಂದನ್ನು ಇನ್ನೊಂದೆಡೆ ಇಡತಕ್ಕದ್ದು.) ಇಂಥವನ ಮುಂದೆ "ಅಸೆಂಬಲ್ಡ್" ಎಂಬ ಮಾತೆತ್ತುವುದು ಸುಲಭವಲ್ಲ.

ಆದರೂ ಈ ತಗಾದೆ ಬಸವನಗುಡಿಯಲ್ಲಿ ಹುಟ್ಟಿದ್ದಲ್ಲ. ಮನೆಯ ಕಂಪ್ಯೂಟರಿನಷ್ಟೇ ವಯಸ್ಸು ಇದಕ್ಕೂ ಇದೆ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರವನ್ನು ಬಹುಮಂದಿ ಬಿಡಿಭಾಗಗಳ ಕಟ್ಟಾಗಿಯೇ ತರಿಸಿಕೊಂಡು, ರಾತ್ರಿಗಳನ್ನು ಬೆಸುಗೆಯ ಹೊಗೆಯಲ್ಲಿ ಕಳೆದರು. ಮರುವರ್ಷ ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಎಂಬಿಬ್ಬರು ತರುಣರು ತಾವು ರೂಪಿಸಿದ ಕಂಪ್ಯೂಟರಿನ ಬರಿಯ ಹಲಗೆಯನ್ನು ಮಾರುವ ಯೋಚನೆಯಲ್ಲಿದ್ದರು; ಚಿಪ್ಪುಗಳನ್ನು ಕೊಂಡು ಬೆಸೆದುಕೊಳ್ಳುವುದು ಗಿರಾಕಿಯ ಪಾಡು. ಮೌಂಟನ್ ವ್ಯೂ ಎಂಬ ಊರಿನಲ್ಲಿ ಬೈಟ್ ಶಾಪ್ ಎಂಬ ಅಂಗಡಿಯನ್ನಿಟ್ಟಿದ್ದ ಪಾಲ್ ಟೆರೆಲ್ ಮಾತ್ರ ಬೇರೆ ಮಾತಾಡಿದ. ಬರಿಯ ಹಲಗೆ ತನಗೆ ಬೇಡ, ಪೂರ್ತಿ ಬೆಸೆದು ಕೊಟ್ಟರೆ 50 ಕೊಳ್ಳುವೆ, ಒಂದಕ್ಕೆ 500 ಡಾಲರ್ ಎಂದ. ಅವನ ಅಂಗಡಿಗೆ ಬರುವವರೆಲ್ಲ ಬೆಸುಗೆ ಬಲ್ಲವರಲ್ಲವೆಂಬುದನ್ನು ಆತ ಕಂಡಿದ್ದ. ಹಾಗೆ ಮಾರಾಟವಾದ ಆಪಲ್ 1ಕ್ಕೆ ಆಗಲೂ ಪೆಟ್ಟಿಗೆಯಿರಲಿಲ್ಲ, ಕೀಲಿಮಣೆಯಿರಲಿಲ್ಲ. 1977ರ ಆಪಲ್ 2 ಎರಡನ್ನೂ ಕೂಡಿಸಿಕೊಂಡು ಬಂದಿತು. ಅಂದು ಆ ಅಂಗಡಿಕಾರ ಹೇಳಿದ್ದೂ ಇಂದು ನನ್ನ ಭಾವಮೈದುನ ಹೇಳುವುದೂ ಒಂದೇ.

ಮಗಳ ಪಕ್ಷಕ್ಕೆ ಬಲ ತಂದದ್ದು 1981. ಆ ವರ್ಷದ ಆಗಸ್ಟಿನಲ್ಲಿ ಐಬಿಎಂ ಕಂಪೆನಿ ಹೊರತಂದ ಪಿಸಿ ಬಹುಪಾಲು ಪೇಟೆಯಲ್ಲಿ ಸಿಕ್ಕುವ ಭಾಗಗಳಿಂದಲೇ ಆಗಿತ್ತು. ಒಳಗಿನ ರಚನೆಯ ವಿವರಗಳನ್ನೂ ಕಂಪೆನಿ ಪುಸ್ತಕವಾಗಿ ಪ್ರಕಟಿಸಿತು. ನೋಡಿ ಮಾಡುವವರು ಬೆಳೆದರು, ಅಳತೆಗಳು ಒಂದಾದವು. 1995ರಲ್ಲಿ ಇಂಟೆಲ್ ನಿಗದಿ ಮಾಡಿದ ಎಟಿಎಕ್ಸ್ ಎಂಬ ಅಳತೆಯಿಂದಾಗಿ, ಒಬ್ಬರ ಮದರ್‌ಬೋರ್ಡಿನ ತಿರುಪಿನ ತೂತು ಇನ್ನೊಬ್ಬರ ಕ್ಯಾಬಿನೆಟ್ಟಿಗೆ ಇಂದಿಗೂ ಕೂಡುತ್ತದೆ. ಬೆಸುಗೆ ಎಂದೋ ಹೋಯಿತು. ಈಗ "ಕಟ್ಟುವುದು" ಎಂದರೆ ಒಂದು ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು ಏಳೆಂಟು ಭಾಗಗಳನ್ನು ಅವವುಗಳ ಗೂಡಿನಲ್ಲಿ ಕೂರಿಸುವುದಷ್ಟೆ. ಒಂದು ಕಡೆ ಮಾತ್ರ ಉಸಿರು ಬಿಗಿಹಿಡಿಯಬೇಕು: ಪ್ರೊಸೆಸರ್ ಕೂರುವ ಜಾಗದಲ್ಲಿ. ಅವಳು ಆರಿಸಿದ್ದ ಎಎಂ5 ಎಂಬ ಗೂಡಿನಲ್ಲಿ 1,718 ಸೂಕ್ಷ್ಮವಾದ ಲೋಹದ ಮುಳ್ಳುಗಳಿವೆ. ಕೈ ಜಾರಿ ನಾಲ್ಕು ಬಾಗಿದರೆ ಹಲಗೆಯ ಗತಿ ಮುಗಿಯಿತು. ಖಾತರಿಯವರೂ ಮುಖ ತಿರುಗಿಸುತ್ತಾರೆ.

ಬೆಲೆಯ ಮಾತಿಗೆ ಬರೋಣ. ಕಟ್ಟಿದರೆ ಅಗ್ಗವೆಂದು ಹುಡುಗರು ಹೇಳುವುದು ಯಾವಾಗಲೂ ನಿಜವಲ್ಲ. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೆ ಬರಗಾಲ ಬಂದಾಗ ಬಿಡಿ ಕಾರ್ಡನ್ನು ಅರಸುವವರು ನಿಗದಿಯ ಬೆಲೆಯ ಎಷ್ಟೋ ಪಾಲು ತೆರಬೇಕಾಯಿತು. ಅದೇ ಕಾರ್ಡು ಸಿದ್ಧ ಯಂತ್ರದೊಳಗೆ ಕುಳಿತು ಸುಲಭವಾಗಿ ಸಿಕ್ಕುತ್ತಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಚಿನ್ನದ ಬೆಲೆಯನ್ನು ನಾಚಿಸುವಂತೆ ಏರಿತು. ನಮ್ಮ ಹುಡುಗಿ ಜುಲೈಯಲ್ಲಿ ಕೊಂಡದ್ದು ಅವಳ ಅದೃಷ್ಟ, ಜಾಣತನವಲ್ಲ. ಇನ್ನೊಂದು: ಸಿದ್ಧ ಯಂತ್ರದ ಬೆಲೆಯಲ್ಲಿ ಸಾಮಾನ್ಯವಾಗಿ ವಿಂಡೋಸ್ ಸೇರಿರುತ್ತದೆ, ಕಟ್ಟುವವರು ಅದನ್ನು ಬೇರೆ ಕೊಳ್ಳಬೇಕು. ಅವಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ತಂದೆ ಪೆನ್ಸಿಲಿನಿಂದ ಅದನ್ನು ಬರೆದು ಸೇರಿಸಿದಾಗ ಹುಡುಗಿಯ ಮುಖ ಸ್ವಲ್ಪ ಸಣ್ಣಗಾಯಿತು.

ಆದರೆ ಸಿದ್ಧ ಯಂತ್ರಗಳ ವಿಷಯದಲ್ಲಿ ಅವಳ ದೂರು ಸುಳ್ಳಲ್ಲ. ಮದುವೆಯ ಅಡಿಗೆಯ ಗುತ್ತಿಗೆದಾರ ಎಲೆಯ ಮೇಲೆ ಕಾಣುವ ಹೋಳಿಗೆಗೆ ಕೈ ಬಿಗಿಹಿಡಿಯುವುದಿಲ್ಲ, ಕಾಣದ ಎಣ್ಣೆಯಲ್ಲಿ ಉಳಿಸುತ್ತಾನೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಪ್ರೊಸೆಸರಿನ ಹೆಸರು. ಯಾರೂ ಕೇಳದ ಭಾಗ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಎಲ್ಲ ಅಂಗಗಳಿಗೂ ಉಣಿಸುವ ಅಡಿಗೆಮನೆ ಅದು. ಅದು ಕೆಟ್ಟು ಸಾಯುವಾಗ ಒಮ್ಮೊಮ್ಮೆ ತನ್ನ ಜತೆಗೆ ಇತರರನ್ನೂ ಕರೆದೊಯ್ಯುತ್ತದೆ. ಇಷ್ಟು ಮುಖ್ಯವಾದದ್ದರಲ್ಲಿಯೇ ಕೆಲವು ತಯಾರಕರು ಕಾಸು ಉಳಿಸುತ್ತಾರೆ. ಇನ್ನು ಕೆಲವರು ಮದರ್‌ಬೋರ್ಡನ್ನೂ ಎಸ್‌ಎಂಪಿಎಸ್ಸನ್ನೂ ತಮ್ಮದೇ ಆಕಾರದಲ್ಲಿ ಮಾಡಿಸಿರುವುದರಿಂದ, ನಾಲ್ಕು ವರ್ಷದ ಮೇಲೆ ಒಂದು ಭಾಗ ಬದಲಾಯಿಸಬೇಕೆಂದರೆ ಪೇಟೆಯದು ಕೂಡುವುದಿಲ್ಲ. ರ್‍ಯಾಮನ್ನು ಎರಡು ಪಟ್ಟಿಗಳಾಗಿ ಹಾಕಿದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಕೆಲಸ ಮಾಡಬಲ್ಲದು. ಖರ್ಚುಳಿಸಲು ಒಂದನ್ನೇ ಹಾಕಿ ಮಾರುವುದುಂಟು. ಸಿದ್ಧ ಯಂತ್ರವನ್ನೇ ಕೊಳ್ಳತಕ್ಕವರು ಈ ಮೂರನ್ನು ಅಂಗಡಿಯಲ್ಲಿ ಕೇಳಬೇಕು. ಉತ್ತರ ಬಾರದಿದ್ದರೆ ಅದೇ ಉತ್ತರ.

ಇಷ್ಟೆಲ್ಲ ಹೇಳಿ ನಾನು ತೀರ್ಪು ಕೊಡುವುದರಲ್ಲಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ ತಮ್ಮನ ಎಲೆಗೆ ಮಜ್ಜಿಗೆ ಬಡಿಸುತ್ತ, "ಕೆಟ್ಟ ದಿನ ನೋಡುವವರು ಯಾರು, ಅದನ್ನು ಮೊದಲು ಹೇಳಿ," ಎಂದಳು.

ಈ ಒಂದು ಪ್ರಶ್ನೆಯ ಮುಂದೆ ನನ್ನ ಇತಿಹಾಸವೆಲ್ಲ ಹಗುರವಾಯಿತು. ಸಿದ್ಧ ಯಂತ್ರಕ್ಕೆ ಒಂದೇ ಖಾತರಿ, ಒಂದೇ ದೂರವಾಣಿ ಸಂಖ್ಯೆ; ಅವಧಿಯೊಳಗಾದರೆ ಅನೇಕ ಕಂಪೆನಿಯವರು ಮನೆಗೇ ಆಳು ಕಳಿಸುತ್ತಾರೆ. ಆದರೆ ಆ ಅವಧಿ ಬಹಳ ಸಲ ಒಂದೇ ವರ್ಷ. ಬಿಡಿಭಾಗಗಳ ಖಾತರಿ ಉದ್ದ: ಪ್ರೊಸೆಸರಿಗೂ ಮದರ್‌ಬೋರ್ಡಿಗೂ ಸಾಮಾನ್ಯವಾಗಿ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್ಸಿಗೆ ಐದು ಅಥವಾ ಅದಕ್ಕೂ ಹೆಚ್ಚು. ತೊಡಕೆಂದರೆ, ಏಳು ಭಾಗಗಳಲ್ಲಿ ಕೆಟ್ಟದ್ದು ಯಾವುದೆಂದು ಪತ್ತೆಮಾಡಿ, ಅದನ್ನು ಕಳಚಿ, ರಸೀದಿಯೊಡನೆ ಅದರದೇ ಸೇವಾಕೇಂದ್ರಕ್ಕೆ ಹೊತ್ತೊಯ್ಯತಕ್ಕವರು ನೀವೇ. ಹೊಸ ಪೆಟ್ಟಿಗೆಯನ್ನು ಕೊಳ್ಳುವವನು ಈ ಓಡಾಟವನ್ನು ಇನ್ನೊಬ್ಬರ ತಲೆಗೆ ಕಟ್ಟಲು ಹಣ ತೆರುತ್ತಾನೆ. ಕಟ್ಟುವವನು ಆ ಹಣವನ್ನು ಉಳಿಸಿ ಓಡಾಟವನ್ನು ತಾನು ಕೊಳ್ಳುತ್ತಾನೆ.

"ನಾನು ನೋಡುತ್ತೇನೆ ಅತ್ತೆ," ಎಂದಳು ಹುಡುಗಿ.

"ಪರೀಕ್ಷೆಯ ಹಿಂದಿನ ರಾತ್ರಿ ಕೆಟ್ಟರೆ?"

"ಆಗಲೂ ನಾನೇ."

ತಂದೆ ಏನೂ ಹೇಳಲಿಲ್ಲ. ಕೈತೊಳೆದು ಬಂದಮೇಲೆ, ಒಂದೊಂದು ಭಾಗಕ್ಕೂ ಜಿಎಸ್‌ಟಿ ರಸೀದಿ ಇರಬೇಕು, ರಸೀದಿಯಲ್ಲಿ ಅದರ ಸಂಖ್ಯೆ ಬರೆಸಬೇಕು, ಮುದ್ರೆ ಒಡೆದ ಪೆಟ್ಟಿಗೆಯನ್ನು ಮುಟ್ಟಕೂಡದು, ಈ ಮೂರಕ್ಕೆ ಒಪ್ಪಿದರೆ ಆಗಬಹುದು ಎಂದ. ಸಾಲದ ಪತ್ರಕ್ಕೆ ಷರತ್ತು ಹಾಕುವ ದನಿಯೇ ಅದು.

ಮುಂದಿನ ಶನಿವಾರ ನಾವು ಮೂವರೂ ಎಸ್.ಪಿ. ರೋಡಿಗೆ ಹೋದೆವು. ಟೌನ್‌ಹಾಲಿನಿಂದ ದೂರವಿಲ್ಲದ ಆ ಬೀದಿಯನ್ನು ಕಂಡವರಿಗೆ ವರ್ಣನೆ ಬೇಡ. ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಹುಡುಗಿ ಬೆಲೆ ಕೇಳುತ್ತ ಮುಂದೆ ನಡೆದಳು. ತಂದೆ ಕನ್ನಡಕವನ್ನು ಹಣೆಗೇರಿಸಿ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೂ ರಸೀದಿಯ ಸಂಖ್ಯೆಯನ್ನೂ ಒಂದೊಂದಂಕಿಯಾಗಿ ತಾಳೆ ನೋಡುತ್ತ ಹಿಂದೆ ಉಳಿದ. ಒಂದು ಕಡೆ ಎರಡಂಕಿ ವ್ಯತ್ಯಾಸ ಕಂಡುಬಂದು, ರಸೀದಿಯನ್ನು ಮತ್ತೆ ಬರೆಸಿದ. ಅಂಗಡಿಯ ಹುಡುಗ ನಗುತ್ತಲೇ ಬರೆದುಕೊಟ್ಟನೆನ್ನಿ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಜೋಡಣೆ ಆರಂಭವಾಯಿತು. ಹುಡುಗಿ ಮೈಯಲ್ಲಿ ಸೇರಿರಬಹುದಾದ ಸ್ಥಾಯೀವಿದ್ಯುತ್ತು ಇಳಿಯಲೆಂದು ಆಗಾಗ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿಕೊಳ್ಳುತ್ತಿದ್ದಳು. ಹೊರಗಿನಿಂದ ಬಂದವರಿಗೆ ಅದು ನಮಸ್ಕಾರದಂತೆ ಕಾಣುತ್ತಿತ್ತು. ಪ್ರೊಸೆಸರ್ ನಿರ್ವಿಘ್ನವಾಗಿ ಕುಳಿತಿತು. ರ್‍ಯಾಮ್ ಟಕ್ಕೆಂದು ಸದ್ದು ಮಾಡಿ ಕೂಡಿತು. ಹನ್ನೆರಡೂವರೆಗೆ ಎಲ್ಲ ಸಿದ್ಧ. ಅವಳ ತಾಯಿ ದೇವರಿಗೆ ದೀಪ ಹಚ್ಚಿ ಬಂದರು. ಗುಂಡಿಯೊತ್ತಿದಳು. ಫ್ಯಾನುಗಳು ತಿರುಗಿದವು, ದೀಪಗಳು ಬೆಳಗಿದವು. ಪರದೆ ಮಾತ್ರ ಕಪ್ಪಗೆ ಉಳಿಯಿತು.

ಆರಿಸಿ ಹಚ್ಚಿದಳು, ಕಪ್ಪು. ರ್‍ಯಾಮನ್ನು ತೆಗೆದು ಹಾಕಿದಳು, ಕಪ್ಪು. ಒಂದು ಗಂಟೆಯ ಹೊತ್ತಿಗೆ ಅವಳ ಕಣ್ಣಂಚು ಒದ್ದೆಯಾಗಿತ್ತು. ತಂದೆಯ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ, ನನಗೂ ಇರಲಿಲ್ಲ. 2007ರ ಆ ದಿನ ಆ ಮೇಜಿಗೆ ಬಂದು ಕುಳಿತಂತೆ ನನಗೆ ತೋರಿತು.

ಅವನು ಯಾವಾಗಲೋ ಮದರ್‌ಬೋರ್ಡಿನ ಕೈಪಿಡಿಯನ್ನು ತೆರೆದು ಕಿಟಕಿಯ ಬಳಿ ಹೋಗಿ ಕುಳಿತಿದ್ದ. ಮೂವತ್ತೈದು ವರ್ಷ ಲೆಡ್ಜರು ಓದಿದವನು ಪುಟ ಹಾರಿಸಿ ಓದಲಾರ. "ಇಲ್ಲಿ ನೋಡಮ್ಮ," ಎಂದು ಬೆರಳಿಟ್ಟ. "ವಿದ್ಯುತ್ತಿನ ತಂತಿ ಎರಡು ಎಂದಿದೆ. ದೊಡ್ಡದನ್ನು ಹಾಕಿದ್ದೀಯೆ. ಪ್ರೊಸೆಸರಿಗೆಂದೇ ಎಂಟು ಕಡ್ಡಿಯದು ಇನ್ನೊಂದು ಇರಬೇಕಂತೆ, ಹಲಗೆಯ ಮೇಲ್ಗಡೆ ಎಡಮೂಲೆಯಲ್ಲಿ. ಅದೆಲ್ಲಿ?"

ಅದು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಉಳಿದ ತಂತಿಗಳ ಕಟ್ಟಿನಲ್ಲಿ ಸುಖವಾಗಿ ಮಲಗಿತ್ತು.

ಪರದೆ ಬೆಳಗಿದ ಮೇಲೆ ಊಟಕ್ಕೆ ಎದ್ದವರಲ್ಲಿ ಹೆಚ್ಚು ಮಾತಾಡಿದವನು ತಂದೆ. ಅಂದಿನಿಂದ ಆ ಮನೆಯಲ್ಲಿ ಒಂದು ಕಡತವಿದೆ. ಏಳು ರಸೀದಿ, ಏಳು ಖಾತರಿಯ ಕೊನೆಯ ದಿನಾಂಕ, ಕೆಂಪು ಶಾಯಿಯಲ್ಲಿ. ನಕ್ಷೆಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸುವ ಶನಿವಾರದ ಕೆಲಸವೂ ಅವನದೇ.

ವಾಚಕರು ಈಗ ನನ್ನ ಮನೆಯ ವಿಷಯ ಕೇಳಬಹುದು. ಅಷ್ಟು ಕಂಡಮೇಲೂ ನಾನು ನವೆಂಬರಿನಲ್ಲಿ ಮುದ್ರೆಯೊತ್ತಿದ ಪೆಟ್ಟಿಗೆಯನ್ನೇ ತಂದೆ, ಮೂರು ವರ್ಷ ಮನೆಗೆ ಬಂದು ನೋಡುವ ಖಾತರಿಗೆ ಹೆಚ್ಚಿನ ಹಣ ಕೊಟ್ಟು. ನಮ್ಮ ಮಗ ಪುಣೆಯಲ್ಲಿದ್ದಾನೆ, ಮನೆಯಲ್ಲಿ ನಾವಿಬ್ಬರೇ. ನಮಗೆ ಬೇಕಾದದ್ದು ಪತ್ರ ಬರೆಯುವುದು, ಬಿಲ್ಲು ಕಟ್ಟುವುದು, ರಾತ್ರಿ ಎಂಟಕ್ಕೆ ಮೊಮ್ಮಗನ ಮುಖ ನೋಡುವುದು. ಅದು ನಿಂತ ದಿನ ಮೇಜಿನ ಕೆಳಗೆ ಬಗ್ಗಿ ತಂತಿ ಎಣಿಸಲು ನನ್ನ ಮಂಡಿ ಒಪ್ಪುವುದಿಲ್ಲ. ಹೆಂಡತಿಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇದ್ದ ಉತ್ತರ ಅದೊಂದೇ.

ಹುಡುಗಿ ಅದನ್ನು ನೋಡಲು ಬಂದಿದ್ದಳು. ಸುತ್ತ ಒಂದು ಪ್ರದಕ್ಷಿಣೆ ಬಂದು, ಬೆನ್ನಿನ ತಿರುಪುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, "ಒಳಗೆ ರ್‍ಯಾಮ್ ಒಂದು ಪಟ್ಟಿಯೋ ಎರಡೋ, ನೋಡಿಬಿಡೋಣವೇ ಮಾವ? ಸ್ಕ್ರೂಡ್ರೈವರ್ ಎಲ್ಲಿದೆ?" ಎಂದಳು.

ನಮ್ಮ ಮನೆಯಲ್ಲಿ ಅಂಥದ್ದೇ ಇಲ್ಲವೆಂದು ಹೇಳಿ, ಕಾಫಿ ತರಿಸಿದೆ.