ಕತ್ತಲ ಮೂಲೆಗೆ ತುಳಸಿಯ ಬಲಿಯೇಕೆ?

ಮುಂಬಯಿಯ ನಮ್ಮವರ ಮನೆಗಳಲ್ಲಿ ತುಳಸಿಗಿಡಗಳು ಸದ್ದಿಲ್ಲದೆ ಸಾಯುತ್ತಿವೆ. ಊರಿನ ಅಂಗಳದಲ್ಲಿ ದಿನವಿಡೀ ಬಿಸಿಲುಂಡು ಬೆಳೆಯುವ ಗಿಡವನ್ನು, ಎದುರು ಕಟ್ಟಡದ ಗೋಡೆಯನ್ನಷ್ಟೇ ಕಾಣುವ ಪಡಸಾಲೆಯ ಮೂಲೆಯಲ್ಲಿ ತಂದಿಡುವುದು, ಸೊರಗಿದರೆ ಇನ್ನಷ್ಟು ನೀರೆರೆಯುವುದು, ಸತ್ತರೆ ಮತ್ತೊಂದನ್ನು ಕೊಳ್ಳುವುದು: ಇದನ್ನು ಭಕ್ತಿಯೆಂದು ನಾವು ಒಪ್ಪಲಾರೆವು. ಊರಿನ ಹಂಬಲ ನಮಗೂ ಇದೆ. ಆದರೆ ಆ ಹಂಬಲದ ಸುಂಕವನ್ನು ಗಿಡವೇಕೆ ತೆರಬೇಕು? ತುಳಸಿಗೂ ಮಲ್ಲಿಗೆಗೂ ಬಿಸಿಲೇ ಅನ್ನ.

ಇತ್ತ ನರ್ಸರಿಯವರು, ‘ಇದಕ್ಕೆ ಬೆಳಕೇ ಬೇಡ’ ಎಂದು ಬೇರೊಂದು ಗಿಡವನ್ನು ಕೈಗಿಡುತ್ತಾರೆ. ಮಂದಬೆಳಕನ್ನು ಸಹಿಸುವ ಗಿಡಗಳುಂಟು. ಬೆಳಕೇ ಬೇಡದ ಹಸಿರೆಲೆಯ ಗಿಡವಿಲ್ಲ. ಕತ್ತಲಿಗೆ ಬೇಗ ಹೊಂದಿಕೊಳ್ಳುವ ನಮ್ಮ ಕಣ್ಣೂ ಇಲ್ಲಿ ನಂಬಲರ್ಹ ಸಾಕ್ಷಿಯಲ್ಲ. ನಡುಹಗಲಿನಲ್ಲಿ ಆ ಜಾಗದಲ್ಲೊಂದು ಬಿಳಿ ಹಾಳೆಯಿಟ್ಟು, 1 ಅಡಿ ಮೇಲೆ ಕೈ ಹಿಡಿದು ನೋಡಿ. ಮಸುಕಾದ ನೆರಳು ಬಿದ್ದರೆ ಅಲ್ಲಿ ಮಂದಬೆಳಕಿದೆ. ನೆರಳೇ ಬೀಳದಿದ್ದರೆ ದೀಪ ಹಾಕಿ, ಇಲ್ಲವೇ ಆ ಮೂಲೆಯನ್ನು ಪುಸ್ತಕಗಳಿಗೆ ಬಿಟ್ಟುಕೊಡಿ.

ಗಾಳಿಯನ್ನು ಶುದ್ಧಗೊಳಿಸುವ ಗಿಡವೆಂಬ ಮಾರಾಟದ ಮಾತನ್ನೂ ಇಲ್ಲಿಗೇ ಮುಗಿಸೋಣ. 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಟ್ಟಡಗಳಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕೆಂದು 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದರು. ಗಿಡ ಬೇಕಾದರೆ ಅದರ ಹಸಿರಿಗಾಗಿ ಸಾಕೋಣ. ಗಾಳಿಗೆ ಕಿಟಕಿ ತೆರೆಯೋಣ.

ಹಾಗಾದರೆ ಯಾವುದನ್ನು ತರಬೇಕು? ಜೀಜೀ ಗಿಡ ನೆಲದೊಳಗಿನ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಸ್ನೇಕ್ ಪ್ಲಾಂಟ್ ದಪ್ಪ ಎಲೆಗಳಲ್ಲಿ. ಒಂದು ತಿಂಗಳು ಊರಿಗೆ ಹೋಗಿ ಬಂದರೂ ಎರಡೂ ಮುನಿಸಿಕೊಳ್ಳುವುದಿಲ್ಲ. ಮನಿ ಪ್ಲಾಂಟ್ ತುಸು ಹೆಚ್ಚು ನೀರು ಕೇಳುತ್ತದೆ, ಅಷ್ಟೇ. ಇವುಗಳನ್ನು ಕೊಲ್ಲುವುದು ಮರೆವಿಗಿಂತ ಅತಿಪ್ರೀತಿ. ಮಣ್ಣಿಗೆ ಬೆರಳಿಟ್ಟು, ಒಣಗಿದ್ದರೆ ಮಾತ್ರ ನೀರೆರೆಯಬೇಕು. ಮಳೆಗಾಲದಲ್ಲಿ ಇನ್ನೂ ಕಡಿಮೆ. ಇವುಗಳ ಎಲೆ ಮಕ್ಕಳ, ಬೆಕ್ಕುಗಳ ಬಾಯಿಗೆ ಸಿಗದಿರಲಿ.

ಇವೆಲ್ಲ ಪರದೇಶದ ಗಿಡಗಳು, ನಮ್ಮ ಸಂಸ್ಕೃತಿಯವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಜೀಜೀ ಪೂರ್ವ ಆಫ್ರಿಕಾದ್ದು, ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು, ನಿಜ. ನಮ್ಮ ಸಾರಿನ ಮೆಣಸಿನಕಾಯಿಯೂ ಕರಾವಳಿಯ ಗೋಡಂಬಿಯೂ ಕಡಲು ದಾಟಿ ಬಂದವೇ. ಬೇರೆ ನೆಲದಿಂದ ಬಂದು, ಸಿಕ್ಕಷ್ಟು ಜಾಗದಲ್ಲಿ, ಸಿಕ್ಕಷ್ಟು ಬೆಳಕಿನಲ್ಲಿ ಬೇರೂರಿದವರನ್ನು ಹೊರಗಿನವರೆನ್ನುವ ಮಾತನ್ನು ಈ ನಗರದ ಕನ್ನಡಿಗರಾದ ನಾವಾದರೂ ಆಡಬಾರದು. ತುಳಸಿ ಬಿಸಿಲು ಬೀಳುವ ಬಾಲ್ಕನಿಯಲ್ಲಿರಲಿ. ಅಂಥ ಬಾಲ್ಕನಿಯಿಲ್ಲದವರು ಒಂದು ಎಸಳನ್ನು ದೇವರ ಮುಂದಿಟ್ಟು ಕೈಮುಗಿಯಲಿ.