ಯಾರನ್ನು ಚುಚ್ಚಲಿಕ್ಕೆ?

ಹೆಂಗಸೊಬ್ಬಳು ಸ್ವೆಟರ್ ಹೆಣೆದರೆ "ಯಾರಿಗೆ?" ಎಂದು ಕೇಳುತ್ತಾರೆ. ಹಪ್ಪಳ ಮಾಡಿದರೆ "ನಮಗೂ ನಾಲ್ಕು ಕೊಡಿ" ಎನ್ನುತ್ತಾರೆ. ಅದೇ ಹೆಂಗಸು ಒಂದು ಮಡಿಚುವ ಚಾಕು ಮಾಡಿದೆ ಎಂದರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಯಾರನ್ನು ಚುಚ್ಚಲಿಕ್ಕೆ?" ಕಳೆದ ಮಳೆಗಾಲದಲ್ಲಿ ನನ್ನ ಕೈಯಾರೆ ಮೊದಲ ಚಾಕು ಮಾಡಿ ಮುಗಿಸಿದಂದಿನಿಂದ ಈ ಪ್ರಶ್ನೆ ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಕೇಳಿದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ನೋಡಿ, ಗಂಡಸಿನ ಜೇಬಿನಲ್ಲಿ ಚಾಕು ಇದ್ದರೆ ಅದು ಸಲಕರಣೆ. ತೋಟಕ್ಕೆ ಹೋದಾಗ ಬಳ್ಳಿ ಕತ್ತರಿಸಲು, ಬಸ್ಸಿನಲ್ಲಿ ಸೌತೆಕಾಯಿ ಹೆಚ್ಚಲು, ಪೊಟ್ಟಣದ ದಾರ ಕೊಯ್ಯಲು. ಹೆಂಗಸು ದಿನಕ್ಕೆ ಮೂರು ಹೊತ್ತು ಅಲಗಿನ ಮುಂದೆಯೇ ಕೂರುತ್ತಾಳೆ. ಈರುಳ್ಳಿಯಿಂದ ಹಲಸಿನಕಾಯಿಯವರೆಗೆ ಅವಳು ಕೊಯ್ದಷ್ಟು ಯಾವ ಸೈನಿಕನೂ ಕೊಯ್ದಿರಲಾರ. ಆದರೆ ಅಡುಗೆಮನೆಯ ಹೊಸಿಲು ದಾಟಿ ಆ ಅಲಗು ಅವಳ ಪರ್ಸಿಗೆ ಬಂತೋ, ಅದು ಆಯುಧವಾಗಿಬಿಡುತ್ತದೆ! ನಮ್ಮ ಕಾನೂನಿಗಿರುವ ವಿವೇಕವೂ ನಮ್ಮ ನೆರೆಹೊರೆಗೆ ಇಲ್ಲ. ಶಸ್ತ್ರ ನಿಯಮಗಳು ಆಯುಧವೆಂದು ಹೆಸರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು. ಅದರಲ್ಲೂ ಮನೆಬಳಕೆಗೆ, ಬೇಸಾಯಕ್ಕೆಂದು ಮಾಡಿದವುಗಳನ್ನು ಬಿಟ್ಟು. ನನ್ನ ಚಾಕುವಿನ ಅಲಗು ಎರಡೂವರೆ ಅಂಗುಲ. ಅದರಿಂದ ಹೆಚ್ಚೆಂದರೆ ಒಂದು ಮಾವಿನಹಣ್ಣಿನ ಪ್ರಾಣ ಹೋದೀತು.

ಇನ್ನು ಕೆಲವರು ಹೊಗಳುವ ಧಾಟಿಯಲ್ಲಿ "ಭಲೆ, ಒನಕೆ ಓಬವ್ವ!" ಎನ್ನುತ್ತಾರೆ. ಇದು ಇನ್ನೂ ಕಿರಿಕಿರಿ. ಕೋಟೆಯ ಕಿಂಡಿಯಲ್ಲಿ ಶತ್ರು ನುಸುಳುವಾಗ ಮಾತ್ರ ಹೆಂಗಸಿನ ಕೈಗೆ ಏನಾದರೂ ಬರಬಹುದೆ? ಶತ್ರುವೇ ಇಲ್ಲದ ಒಂದು ಸಾಧಾರಣ ಭಾನುವಾರ, ಸುಮ್ಮನೆ ಕುತೂಹಲಕ್ಕೆ, ಕೆಲಸದ ಖುಷಿಗೆ ಅವಳು ಉಕ್ಕನ್ನು ಮುಟ್ಟಬಾರದೆ?

ಚಾಕು ಮಾಡುವುದೆಂದರೆ ಸಿನಿಮಾದಲ್ಲಿ ತೋರಿಸುವಂತೆ ಕಿಡಿ ಹಾರಿಸಿ ಬಡಿಯುವುದಲ್ಲ. ಮುಕ್ಕಾಲು ಪಾಲು ಕೆಲಸ ಕೂತು ಉಜ್ಜುವುದು. ನಾನು ಆರಿಸಿಕೊಂಡದ್ದು ಹಲ್ಲು ಸವೆದ ಒಂದು ಹಳೆಯ ಅರ. ಅದರಲ್ಲಿ ಇಂಗಾಲ ಹೆಚ್ಚು, ಆದ್ದರಿಂದ ಬಲು ಗಡಸು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಮೆಲ್ಲಗೆ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಗರಗಸ, ಡ್ರಿಲ್, ಇನ್ನೊಂದು ಅರ. ಒಂದು ಅಲಗು, ಬೆನ್ನಿಗೊಂದು ಸ್ಪ್ರಿಂಗು, ಎರಡು ಪಕ್ಕಕ್ಕೆ ಬೀಟೆಮರದ ತುಂಡು, ಮೂರು ಹಿತ್ತಾಳೆ ಮೊಳೆ; ಇಷ್ಟೇ ಸಂಸಾರ. ಆದರೆ ಎಲ್ಲ ಸಂಸಾರದಂತೆ ಇಲ್ಲೂ ಹೊಂದಾಣಿಕೆಯೇ ಕಷ್ಟ. ಅಲಗಿನ ಬುಡ ಸ್ಪ್ರಿಂಗಿಗೆ ತಾಗುವ ಜಾಗದಲ್ಲಿ ಕೂದಲೆಳೆಯಷ್ಟು ಹೆಚ್ಚು ಸವೆಸಿದರೆ ಬಿಚ್ಚಿದ ಚಾಕು ಲೊಡಲೊಡ ಅಲ್ಲಾಡುತ್ತದೆ. ಕಡಿಮೆಯಾದರೆ ಪೂರ್ತಿ ಬಿಚ್ಚುವುದೇ ಇಲ್ಲ. ಜೋಡಿಸಿ ನೋಡಿ, ಕಳಚಿ, ಎರಡೆಳೆತ ಉಜ್ಜಿ, ಮತ್ತೆ ಜೋಡಿಸಬೇಕು. ಐದು ಭಾನುವಾರ ಹಿಡಿಯಿತು.

ಹದ ಕೊಡುವುದನ್ನು ಹೇಳಿಕೊಟ್ಟವರು ನಮ್ಮ ಪೇಟೆಯ ಹಿಂಬದಿಯ ಕುಲುಮೆಯ ಆಚಾರ್ರು. "ಗಡಿಯಾರ ನೋಡಬೇಡಿ ಅಮ್ಮಾ, ಬಣ್ಣ ನೋಡಿ" ಎಂದರು. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಾಜಿನಂತೆ ಗಡಸು. ಗಾಜಿನಂತೆಯೇ ಬಿದ್ದರೆ ಚೂರು. ಆದ್ದರಿಂದ ಹೊಳಪು ಬರುವಂತೆ ಉಜ್ಜಿ ಮತ್ತೆ ಹಗುರವಾಗಿ ಬಿಸಿ ಮಾಡಬೇಕು. ಮೈಮೇಲೆ ಒಣಹುಲ್ಲಿನ ಬಣ್ಣ ಬಂದೊಡನೆ ಅಲಗನ್ನು ಬೆಂಕಿಯಿಂದ ತೆಗೆಯಬೇಕು. ಸ್ಪ್ರಿಂಗನ್ನು ಮಾತ್ರ ನೀಲಿ ಬಣ್ಣದವರೆಗೆ, ಅಂದರೆ ಸುಮಾರು 300 ಡಿಗ್ರಿಯವರೆಗೆ ಬಿಡಬೇಕು. ಒಂದೇ ಉಕ್ಕು, ಹಳದಿಯಲ್ಲಿ ನಿಂತರೆ ಕೊಯ್ಯುತ್ತದೆ, ನೀಲಿಗೆ ಹೋದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ಒಂದೆಳೆ ಪಾಕಕ್ಕೂ ಎರಡೆಳೆ ಪಾಕಕ್ಕೂ ಇರುವ ಅಂತರವನ್ನು ಬೆರಳ ತುದಿಯಲ್ಲಿ ಅಳೆಯುವವರು ನಾವು. ಒಗ್ಗರಣೆಯ ಸಾಸಿವೆ ಸಿಡಿಯುವ ಸದ್ದಿನಲ್ಲೇ ಎಣ್ಣೆಯ ಕಾವು ತಿಳಿಯುವವರು. ನಮಗೆ ಈ ವಿದ್ಯೆ ಹೊಸದೇನೂ ಅಲ್ಲ. ಆದರೆ ನಾವು ಮಾಡಿದರೆ ಅದು "ಕೈಗುಣ". ಆಚಾರ್ರು ಮಾಡಿದರೆ "ಕುಲಕಸುಬು". ಅದನ್ನೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿಬಂದವರು ಹೇಳಿದರೆ "ವಿಜ್ಞಾನ". ಇದೆಂಥ ನ್ಯಾಯ? ವೂಟ್ಸ್ ಎಂಬ ಹೆಸರಿನಲ್ಲಿ ನಮ್ಮ ದೇಶದ ಉಕ್ಕಿನ ತುಂಡುಗಳನ್ನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟು ಪರೀಕ್ಷಿಸಿದ ಫಲಿತಾಂಶ ಓದಲಾಯಿತು. ಆ ಹೆಸರು ನಮ್ಮ "ಉಕ್ಕು" ಎಂಬ ಮಾತಿನಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಹೆಸರು ಅಷ್ಟು ದೂರ ಹೋಯಿತು. ಬೆಂಕಿಯ ಮುಂದೆ ಕೂತವರ ಹೆಸರು ಎಲ್ಲಿಯೂ ಬರಲಿಲ್ಲ.

"ಹೆಂಗಸಿನ ತೋಳಿಗೆ ಕುಲುಮೆಯ ಕೆಲಸ ಆಗದು" ಎನ್ನುವವರು ರಾಜಸ್ಥಾನದ ಗಾಡಿಯಾ ಲೋಹಾರರನ್ನು ನೋಡಬೇಕು. ರಸ್ತೆ ಬದಿಯಲ್ಲಿ ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಕೂತಿರುತ್ತಾನೆ, ಭಾರದ ಸುತ್ತಿಗೆ ಎತ್ತಿ ಹೊಡೆಯುವವಳು ಹೆಂಡತಿ. ತಿದಿ ಒತ್ತುವವಳೂ ಅವಳೇ. ತೋಳಿನ ಬಲದ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಬರೀ ರೂಢಿ.

"ಪೇಟೆಯಲ್ಲಿ ಅಗ್ಗಕ್ಕೆ ಸಿಗುವಾಗ ಯಾಕಿಷ್ಟು ಕಷ್ಟ?" ಎಂಬ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಅಗ್ಗದ ಚಾಕು ಎರಡು ತಿಂಗಳಿಗೆ ಮೊಂಡಾಗುತ್ತದೆ. ಮೊಂಡು ಚಾಕುವೇ ಹೆಚ್ಚು ಅಪಾಯ: ಒತ್ತಿ ಕೊಯ್ಯುವಾಗ ಟೊಮೇಟೊ ಮೇಲಿಂದ ಜಾರಿ ಬೆರಳಿಗೆ ಬರುತ್ತದೆ. ಸಾಣೆಯವನು ಬೀದಿಗೆ ಬರುವವರೆಗೆ ಕಾಯುತ್ತೇವೆ, ಇಲ್ಲವೇ ಗಂಡನಿಗೆ ಹತ್ತು ಸಲ ನೆನಪಿಸುತ್ತೇವೆ. ಜೀವಮಾನವೆಲ್ಲ ಹಿಡಿಯುವ ಸಲಕರಣೆಯೊಂದರ ಒಳಹೊರಗು ನಮಗೆ ತಿಳಿಯದಿರುವುದು ಸಣ್ಣ ಪರಾಧೀನತೆಯಲ್ಲ. ಆಯುಧಪೂಜೆಯ ದಿನ ಸ್ಕೂಟರಿಗೆ ಹಾರ, ಕಾರಿಗೆ ಬೂದುಗುಂಬಳಕಾಯಿ. ವರ್ಷವಿಡೀ ಮನೆಯ ಹೊಟ್ಟೆ ತುಂಬಿಸಿದ ಈಳಿಗೆಮಣೆಗೆ ಹೆಚ್ಚೆಂದರೆ ಒಂದು ಚುಕ್ಕಿ ಕುಂಕುಮ.

ನಮ್ಮ ಊರುಗಳ ಮಹಿಳಾ ಸಮಾಜಗಳಲ್ಲಿ ಹೊಲಿಗೆ, ಕಸೂತಿ, ಮೇಣದಬತ್ತಿಯ ತರಗತಿಗಳು ನಡೆಯುತ್ತವೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಒಂದು ಮೇಜಿಗೆ ಒಂದು ಬೆಂಚ್ ವೈಸ್ ಬಿಗಿಯಿರಿ. ನಾಲ್ಕು ಅರ, ಒಂದು ಸಾಣೆಕಲ್ಲು ಇಡಿ. ಬೆಂಕಿ ಆರುತ್ತ ಬಂದಿರುವ ಕುಲುಮೆಯ ಆಚಾರ್ರನ್ನು ಮೇಷ್ಟ್ರಾಗಿ ಕರೆದು, ಸಂಭಾವನೆ ಕೊಟ್ಟು ಕೂರಿಸಿ. ಮೊದಲ ದಿನ ಎಲ್ಲರೂ ತಮ್ಮ ತಮ್ಮ ಮನೆಯ ಮೊಂಡು ಚಾಕು ತರಲಿ. ಅದನ್ನು ಹರಿತ ಮಾಡುವುದರಿಂದಲೇ ಪಾಠ ಶುರುವಾಗಲಿ.