ಬೆಂಕಿ ಹಚ್ಚುವ ಮುನ್ನ ಬಾವಿ ನೋಡ್ರಿ

ಶಕ್ತಿನಗರದ ಬಸ್ಸು ಹಿಡಿಯುವ ಮಂದಿಗೆ ಕಲ್ಲಿದ್ದಲಿನ ಪುರಾಣ ಯಾರೂ ಹೇಳಬೇಕಾಗಿಲ್ಲ. 1985ರಲ್ಲಿ ಮೊದಲ ಘಟಕ ಶುರುವಾದಂದಿನಿಂದ ಅವರು ವ್ಯಾಗನ್ನುಗಳ ಸಾಲು ಕಂಡಿದ್ದಾರೆ, ಹಾರುವ ಬೂದಿ ಒರೆಸಿದ್ದಾರೆ. ಕಲ್ಲಿದ್ದಲನ್ನು ಅಗೆಯದೆ ಭೂಮಿಯ ಹೊಟ್ಟೆಯೊಳಗೇ ಸುಟ್ಟು ಗ್ಯಾಸು ತೆಗೀತಾರಂತೆ ಎಂದರೆ, "ಛಲೋ ಆತು ಬಿಡ್ರಿ, ಬೂದಿ ಅಲ್ಲೇ ಉಳೀತದ" ಎನ್ನುವವರು ಚಹದಂಗಡಿಯಲ್ಲಿ ಇದ್ದೇ ಇರುತ್ತಾರೆ.

ಮಾತು ಸುಳ್ಳಲ್ಲ. ಎರಡು ಕೊಳವೆಬಾವಿ ಕೊರೆದು, ಒಂದರಲ್ಲಿ ಗಾಳಿ ಊದಿ ಕಲ್ಲಿದ್ದಲಿನ ಪದರಕ್ಕೆ ಬೆಂಕಿ ಕೊಡುತ್ತಾರೆ. ಗಾಳಿಯನ್ನು ಅಳೆದು ಬಿಡುವುದರಿಂದ ಇದ್ದಿಲು ಪೂರ್ತಿ ಸುಡದೆ ಉರಿಯುವ ಗ್ಯಾಸಾಗಿ ಇನ್ನೊಂದು ಬಾವಿಯಿಂದ ಮೇಲೆ ಬರುತ್ತದೆ. ಸೋವಿಯತ್ ಕಾಲದಲ್ಲೇ ಉಜ್ಬೆಕಿಸ್ತಾನದ ಅಂಗ್ರೆನ್‌ನಲ್ಲಿ ಇದನ್ನು ಮಾಡಿ ತೋರಿಸಿದರು. ಭಾರತದ ಮೊದಲ ಪ್ರಯೋಗಕ್ಕೆ 2024ರ ಜೂನ್‌ನಲ್ಲಿ ಜಾರ್ಖಂಡದ ಜಾಮ್ತಾಡಾ ಜಿಲ್ಲೆಯ ಕಾಸ್ತಾದಲ್ಲಿ ಚಾಲನೆ ಸಿಕ್ಕಿತು. ಮೊದಲ ಹಂತ ಕೊರೆದು ಪರೀಕ್ಷೆ, ಬೆಂಕಿಯ ಮಾತು ಎರಡನೆಯದು.

ಬೂದಿಯೇನೋ ಕೆಳಗೆ ಉಳಿಯಿತು. ಆದರೆ ಬೆಂಜೀನ್, ಫಿನಾಲ್‌ನಂಥ ವಿಷಗಳೂ ಅಲ್ಲೇ ಹುಟ್ಟುತ್ತವಲ್ಲ? ಒಲೆಯ ಒತ್ತಡ ಸುತ್ತಲ ನೀರಿನ ಒತ್ತಡಕ್ಕಿಂತ ಕಡಿಮೆ ಇದ್ದರೆ ನೀರು ಒಲೆಯ ಕಡೆ ಬರುತ್ತದೆ. ಹೆಚ್ಚಾಯಿತೋ, ವಿಷ ಊರ ಬಾವಿಯ ಕಡೆ ಹೊರಟಿತು!

ಇದು ಹೆದರಿಸುವ ಮಾತಲ್ಲ. ಅಮೆರಿಕದ ವಯೋಮಿಂಗ್‌ನ ಹೋ ಕ್ರೀಕ್‌ನಲ್ಲಿ 1976ರಿಂದ 1979ರವರೆಗೆ ಇಂಥ ಪ್ರಯೋಗ ನಡೆದು ಅಂತರ್ಜಲ ಕೆಟ್ಟಿತು. ನೆಲದೊಳಕ್ಕೆ ಗಾಳಿ ಊದಿ, ಬೆಂಜೀನ್ ತಿನ್ನುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೀರು ತೊಳೆಯಲು ವರ್ಷಗಳೇ ಹಿಡಿದವು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಈ ಕಸುಬನ್ನೇ ನಿಷೇಧಿಸಿತು. ಅಲ್ಲಿನ ಚಿಂಚಿಲ್ಲಾದಲ್ಲಿ ನೆಲ ಕೆಡಿಸಿದ ಲಿಂಕ್ ಎನರ್ಜಿ ಕಂಪನಿಗೆ 2018ರಲ್ಲಿ ಕೋರ್ಟು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಷ್ಟರಲ್ಲಿ ಕಂಪನಿ ದಿವಾಳಿ! ದಂಡ ಕಾಗದದಲ್ಲಿ, ವಿಷ ನೆಲದಲ್ಲಿ.

ಹಾಗಂತ ಪ್ರಯೋಗವೇ ಬೇಡ ಎನ್ನುವುದು ಸರಿಯಲ್ಲ. ಗಣಿಗೆ ಇಳಿದು ಸಾಯುವ ಕೂಲಿಕಾರನ ಜೀವ ಇದರಿಂದ ಉಳಿದೀತು. ಆದರೆ ಬೆಂಕಿ ಹಚ್ಚುವ ಮೊದಲೇ ಸುತ್ತಲ ಬಾವಿಗಳ ನೀರು, ಅದರಲ್ಲಿನ ಬ್ಯಾಕ್ಟೀರಿಯಾ ಎಲ್ಲ ಪರೀಕ್ಷೆ ಮಾಡಿ ದಾಖಲಿಸಬೇಕು. ಇಲ್ಲದಿದ್ದರೆ ನಾಳೆ ನೀರು ಕೆಟ್ಟಾಗ "ಮೊದಲೇ ಹಂಗಿತ್ತು" ಎನ್ನುವುದು ಕಂಪನಿಗೆ ಸುಲಭ. ಪರೀಕ್ಷೆ ಮಾಡುವವರು ಒಲೆ ಹಚ್ಚಿದವರಾಗಿರಬಾರದು. ಫಲಿತಾಂಶ ತಿಂಗಳು ತಿಂಗಳು ಪಂಚಾಯಿತಿ ಗೋಡೆಗೆ ಅಂಟಬೇಕು. ಶುದ್ಧೀಕರಣದ ದುಡ್ಡು ಮುಂಗಡವಾಗಿ ಸರ್ಕಾರದಲ್ಲಿ ಠೇವಣಿ ಇರಬೇಕು.

ತಕ್ಕಡಿಯನ್ನು ಗಿರಾಕಿಯ ಕಣ್ಣೆದುರೇ ಹಿಡಿಯಬೇಕೆಂಬ ನ್ಯಾಯ ಅಂಗಡಿಕಾರನಿಗೆ ಗೊತ್ತು. ಅದು ನೆಲದಡಿಯ ಒಲೆಗೆ ಮಾತ್ರ ಯಾಕೆ ಬೇಡ? ಶಕ್ತಿನಗರದ ಬೂದಿಯನ್ನು ಕಿಟಕಿಯ ಮೇಲೆ ಬೆರಳಾಡಿಸಿ ತೋರಿಸಬಹುದು. ಕಾಸ್ತಾದ ಹೆಣ್ಣುಮಕ್ಕಳು ಕೊಡ ಬಗ್ಗಿಸಿ ನೋಡಿದರೆ ಬೆಂಜೀನ್ ಕಾಣುವುದಿಲ್ಲ.